ಕುಡಿತ ಬಿಟ್ಟವರ ಕೂಟ: ಅದನ್ನು ಹುಡುಕುವದೂ ಸೇರುವದೂ ಹೇಗೆ?



ಈ ತಿಂಗಳಿನ ಪಾಠವು ಕುಡಿತವು ಕೆಟ್ಟದ್ದೆಂದು ತೋರಿಸುವದಕ್ಕಾಗಿ ಬರೆದದ್ದಲ್ಲ. ಅದು ಕೆಟ್ಟದ್ದೆಂಬದನ್ನು ಕುಡಿಯುವವನ ಹೆಂಡತಿಯು ನಮಗಿಂತ ಚೆನ್ನಾಗಿ ಬಲ್ಲಳು. ಮುಂಜಾನೆ ನಡುಗುವ ಕೈಯಿಂದ ಲೋಟವನ್ನು ಹಿಡಿಯುವವನು ಅವಳಿಗಿಂತಲೂ ಚೆನ್ನಾಗಿ ಬಲ್ಲನು. ಬಿಡಬೇಕೆಂಬ ಮನಸ್ಸುಳ್ಳವನು ಎಲ್ಲಿಗೆ ಹೋಗಬೇಕು, ಯಾರ ಸಂಗಡ ಕೂತುಕೊಳ್ಳಬೇಕು, ಅಲ್ಲಿ ಏನು ನಡೆಯುವದು, ಮನೆಯವರೂ ಸಭೆಯವರೂ ಏನು ಮಾಡತಕ್ಕದ್ದು, ಎಂಬ ನಾಲ್ಕು ಸಂಗತಿಗಳನ್ನೇ ಇಲ್ಲಿ ವಿಚಾರಿಸುತ್ತೇವೆ.

ಪಾಠವು ಸುಲಭವಾಗುವದಕ್ಕಾಗಿ ಜಾವಗಲ್ ಹೋಬಳಿಯಲ್ಲಿ ಒಂದು ಮನೆ ಉಂಟೆಂದು ಭಾವಿಸಿರಿ. ಯಜಮಾನನಿಗೆ ಒಂದೆಕರೆ ತೆಂಗಿನ ತೋಟವೂ ಸ್ವಲ್ಪ ರಾಗಿಯ ಹೊಲವೂ ಇವೆ. ಅವನು ಅರಸೀಕೆರೆಯ ಮಾರುಕಟ್ಟೆಯಲ್ಲಿ ಕೊಬ್ಬರಿಯನ್ನು ಮಾರಿ ಹಿಂದಿರುಗುವ ದಿನ, ಹೆಂಡತಿಯು ಹಣಕ್ಕಾಗಿ ಅಲ್ಲ, ಅವನು ನೆಟ್ಟಗೆ ನಡೆದು ಬರುವನೋ ಎಂದು ನೋಡುವದಕ್ಕಾಗಿ ಬಾಗಲಲ್ಲಿ ನಿಲ್ಲುತ್ತಾಳೆ. ಹತ್ತು ವರುಷದ ಮಗನು ತಂದೆಯ ಹೆಜ್ಜೆಯ ಸಪ್ಪಳವನ್ನು ಕೇಳಿಯೇ ಈ ರಾತ್ರಿ ಪುಸ್ತಕ ತೆರೆಯಬಹುದೋ ಹಿತ್ತಲಿಗೆ ಓಡಬೇಕೋ ಎಂದು ತಿಳಿದುಕೊಳ್ಳುತ್ತಾನೆ. ಈ ಮನೆಗೆ ಹೆಸರು ಕೊಡುವದಿಲ್ಲ. ಇಂಥದು ನಮ್ಮ ಯಾವ ಊರಿನಲ್ಲಿಲ್ಲ?

೧. ಬರೇ ಬುದ್ಧಿವಾದವು ಯಾಕೆ ಸಾಲದು

ಈ ತಾಯಿಯು ಒಂದು ದಿನ ತನ್ನ ಸಭೆಯ ಬೋಧಕರ ಬಳಿಗೆ ಹೋಗಿ, "ಅಯ್ಯನವರೇ, ಬುದ್ಧಿ ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಮಗನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದರು. ಮೂರನೆಯ ದಿವಸವೇ ಕುಡಿದು ಬಂದರು. ಅವರು ಸುಳ್ಳುಗಾರರೋ?" ಎಂದು ಕೇಳುತ್ತಾಳೆ. ಇದಕ್ಕೆ ಉತ್ತರವೇನು? ಆಣೆ ಮಾಡಿದ ಗಳಿಗೆಯಲ್ಲಿ ಅವನು ಸುಳ್ಳಾಡಲಿಲ್ಲ. ಬಿಡಬೇಕೆಂಬ ಇಷ್ಟವು ಅವನಲ್ಲಿ ನಿಜವಾಗಿಯೂ ಇತ್ತು. ಬಿಡುವ ಶಕ್ತಿಯು ಇರಲಿಲ್ಲ. ಬಹುಕಾಲದ ಕುಡಿತವು ಮನುಷ್ಯನ ಮಿದುಳನ್ನೂ ನರಗಳನ್ನೂ ಮಾರ್ಪಡಿಸಿ, ಮದ್ಯವಿಲ್ಲದೆ ದೇಹವು ನಿಲ್ಲದಂತೆ ಮಾಡುತ್ತದೆ. ಆದಕಾರಣ ಇಂದಿನ ವೈದ್ಯಶಾಸ್ತ್ರವು ಇದನ್ನು ರೋಗವೆಂದು ಎಣಿಸುತ್ತದೆ. ಅಮೇರಿಕಾ ದೇಶದ ವೈದ್ಯರ ಸಂಘವು ೧೯೫೬ರಲ್ಲಿಯೇ ಹೀಗೆ ಒಪ್ಪಿಕೊಂಡಿತು. ರೋಗವೆಂದ ಮಾತ್ರಕ್ಕೆ ಅವನು ಮಾಡಿದ ಅನ್ಯಾಯವು ಅನ್ಯಾಯವಲ್ಲವೆಂದಾಗದು. ಆದರೆ ರೋಗಿಗೆ ಬೈಗಳಿಂದ ಗುಣವಾಗದೆಂಬದು ಸ್ಪಷ್ಟವಾಗುತ್ತದೆ.

ಕಾನೂನು ಸಹಾಯಮಾಡುವದಿಲ್ಲವೋ ಎಂದು ಕೆಲವರು ಕೇಳುವರು. ನಮ್ಮ ರಾಜ್ಯದಲ್ಲಿ ೨೦೦೭ನೆಯ ಇಸವಿ ಜುಲೈ ೧ರಿಂದ ಸಾರಾಯಿಯ ಮಾರಾಟವು ನಿಷೇಧವಾಯಿತು. ಅದರಿಂದ ಸಾರಾಯಿ ಅಂಗಡಿಗಳು ಮುಚ್ಚಿದವು. ಆದರೆ ಬಾಯಾರಿಕೆಯು ಮುಚ್ಚಲಿಲ್ಲ, ಅದು ಅಗ್ಗದ ವಿಸ್ಕಿಯ ಕಡೆಗೆ ತಿರುಗಿತು. ಪ್ರತಿಜ್ಞೆಯೂ ಒಳ್ಳೇದೇ. ಇಳಕಲ್ಲಿನ ಮಹಾಂತ ಸ್ವಾಮಿಗಳು ಊರೂರಿಗೆ ಜೋಳಿಗೆಯನ್ನು ಹಿಡಿದು ಹೋಗಿ, ಕಾಸನ್ನು ಬೇಡದೆ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರು ೨೦೧೮ರಲ್ಲಿ ತೀರಿಹೋದರು. ಅವರ ಜನ್ಮದಿನವಾದ ಆಗಸ್ಟ್ ೧ನ್ನು ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಜೋಳಿಗೆಗೆ ಚಟವನ್ನು ಹಾಕುವದು ಒಂದು ಗಳಿಗೆಯ ಕೆಲಸ. ಮರುದಿನ ಸಾಯಂಕಾಲ ಏಳು ಗಂಟೆಗೆ ಮೈಯೂ ಮನಸ್ಸೂ ಅದನ್ನು ತಿರಿಗಿ ಕೇಳುವಾಗ ಪಕ್ಕದಲ್ಲಿ ಯಾರಿರುತ್ತಾರೆ? ಕೂಟವು ಈ ಪ್ರಶ್ನೆಗೆ ಉತ್ತರವಾಗಿದೆ.

೨. ಕೂಟಕ್ಕಿಂತ ಮುಂಚೆ ವೈದ್ಯನು

ಇಲ್ಲಿ ಒಂದು ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಬರೆದಂತೆ ಓದಿರಿ. ದಿನಾಲೂ ಹೆಚ್ಚಾಗಿ ಕುಡಿಯುವವನು ಒಮ್ಮೆಗೇ ನಿಲ್ಲಿಸುವದು ಅಪಾಯಕರವಾದದ್ದು. ಕಡೆಯ ಗುಟುಕಾದ ಕೆಲವು ತಾಸುಗಳೊಳಗೆ ಕೈನಡುಕ, ಬೆವರು, ವಾಕರಿಕೆ, ನಿದ್ರೆಯಿಲ್ಲದಿರುವದು, ಇವು ಕಾಣಿಸುತ್ತವೆ. ಕೆಲವರಿಗೆ ಮೊದಲನೆಯ ಎರಡು ದಿವಸಗಳಲ್ಲಿ ಫಿಟ್ಸು ಬರುವದುಂಟು. ಎರಡನೆಯ ಮೂರನೆಯ ದಿವಸದಲ್ಲಿ ಕೆಲವರಿಗೆ ಸನ್ನಿಯಾಗಿ, ಇಲ್ಲದ ಹುಳುಗಳು ಗೋಡೆಯ ಮೇಲೆ ಹರಿದಂತೆ ಕಾಣುವದು, ಹೆಂಡತಿಮಕ್ಕಳ ಗುರುತು ಹತ್ತದು. ಹಳ್ಳಿಯಲ್ಲಿ ಇದನ್ನು ಗಾಳಿ ಸೋಕಿದ್ದೆಂದು ತಿಳಿದು ತಡಮಾಡಿ ಪ್ರಾಣವನ್ನು ಕಳಕೊಂಡವರುಂಟು.

ಆದಕಾರಣ ಮೊದಲು ವೈದ್ಯರಿಗೆ, ದಿನಕ್ಕೆ ಎಷ್ಟು ಕುಡಿಯುತ್ತಾನೆ, ಕಡೆಯ ಸಾರಿ ಯಾವಾಗ ಕುಡಿದನು, ಹಿಂದೆ ಬಿಟ್ಟಾಗ ಏನಾಯಿತು, ಎಂಬದನ್ನು ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಅವರು ಕೆಲವು ದಿವಸಗಳ ಮಟ್ಟಿಗೆ ನಡುಕವನ್ನು ತಗ್ಗಿಸುವ ಔಷಧವನ್ನೂ, ಕುಡಿತದಿಂದ ದೇಹದಲ್ಲಿ ಕಡಿಮೆಯಾದ ಥಯಾಮಿನ್ ಎಂಬ ಜೀವಸತ್ವವನ್ನೂ ಕೊಡುವರು. ಜಾವಗಲ್ಲಿನವರಿಗೆ ಅರಸೀಕೆರೆಯ ಸರಕಾರಿ ಆಸ್ಪತ್ರೆಯೂ, ಹಾಸನದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇವೆ. ಕಠಿಣವಾದ ರೋಗಿಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಬೇರೆ ವಿಭಾಗವಿದೆ. ಫಿಟ್ಸು ಬಂದರೆ, ಮಾತು ತಪ್ಪಿದರೆ, ತಡಮಾಡದೆ ೧೦೮ಕ್ಕೆ ಫೋನು ಮಾಡಿ ಆಂಬುಲೆನ್ಸನ್ನು ಕರೆಯಿರಿ.

ಇನ್ನೆರಡು ಮಾತುಗಳನ್ನು ಮರೆಯಬಾರದು. ಮೊದಲನೆಯದು: ಕುಡಿಯುವವನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿರೆಂದು ಕೆಲವರು ಪುಡಿಗಳನ್ನು ಮಾರುತ್ತಾರೆ. ಇಂಥ ಪುಡಿಯಲ್ಲಿ ಡೈಸಲ್ಫಿರಾಮ್ ಎಂಬ ಔಷಧವಿದ್ದರೆ, ಅದು ಒಳಗಿರುವಾಗ ಅವನು ಕುಡಿದಲ್ಲಿ ಎದೆ ಬಡಿತ ಹೆಚ್ಚಿ, ರಕ್ತದ ಒತ್ತಡವು ಕುಸಿದು, ಸಾವೂ ಬರಬಹುದು. ಅದನ್ನು ವೈದ್ಯರ ಕೈಯಿಂದ, ರೋಗಿಯ ಒಪ್ಪಿಗೆಯಿಂದ ಮಾತ್ರ ಕೊಡತಕ್ಕದ್ದು. ಎರಡನೆಯದು: ಕೂಡಿಹಾಕಿ, ಹೊಡೆದು, ಸರಪಣಿ ಬಿಗಿದು ಕುಡಿತ ಬಿಡಿಸುತ್ತೇವೆ ಎನ್ನುವ ಸ್ಥಳಕ್ಕೆ ಯಾರನ್ನೂ ಒಪ್ಪಿಸಬಾರದು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯವ್ಯಸನವನ್ನೂ ತನ್ನೊಳಗೆ ಸೇರಿಸಿಕೊಂಡು, ರೋಗಿಯನ್ನು ಸರಪಣಿಯಿಂದ ಕಟ್ಟುವದನ್ನು ನಿಷೇಧಿಸಿದೆ.

೩. ಕೂಟವು ಹುಟ್ಟಿದ ಬಗೆ

೧೮೪೦ರಲ್ಲಿ ಅಮೇರಿಕಾ ದೇಶದ ಬಾಲ್ಟಿಮೋರ್ ಪಟ್ಟಣದಲ್ಲಿ ಆರು ಮಂದಿ ಕುಡುಕರು ಹೆಂಡದಂಗಡಿಯಲ್ಲಿ ಕೂತಿದ್ದಾಗಲೇ ಬಿಡುವೆವೆಂದು ಗೊತ್ತುಮಾಡಿಕೊಂಡು, ತಮ್ಮ ತಮ್ಮ ಕಥೆಯನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಸಂಘವನ್ನು ಕಟ್ಟಿದರು. ಅದು ಕಾಡುಕಿಚ್ಚಿನಂತೆ ಹಬ್ಬಿತು; ಆದರೆ ರಾಜಕೀಯದಲ್ಲಿಯೂ ಬೇರೆ ವಾದಗಳಲ್ಲಿಯೂ ಸಿಕ್ಕಿಕೊಂಡು ಕೆಲವೇ ವರುಷಗಳಲ್ಲಿ ಕ್ಷೀಣಿಸಿತು. ಕೂಟವು ತನ್ನ ಒಂದೇ ಕೆಲಸವನ್ನು ಬಿಟ್ಟು ಬೇರೆಯದಕ್ಕೆ ಕೈಹಾಕಿದರೆ ಉಳಿಯದೆಂಬದು ಅದರಿಂದ ಬಂದ ಪಾಠ.

ಸುಮಾರು ನೂರು ವರುಷಗಳಾದ ಮೇಲೆ, ೧೯೩೫ರ ಮೇ ತಿಂಗಳಲ್ಲಿ, ನ್ಯೂಯಾರ್ಕಿನ ವ್ಯಾಪಾರಸ್ಥನಾದ ವಿಲಿಯಮ್ ವಿಲ್ಸನ್ ಎಂಬವನು ಆಕ್ರನ್ ಎಂಬ ಊರಿಗೆ ಬಂದಿದ್ದನು. ಅವನು ಕುಡಿತ ಬಿಟ್ಟು ಐದಾರು ತಿಂಗಳಾಗಿತ್ತು. ಬಂದ ಕೆಲಸವು ಕೆಟ್ಟಿತು, ಕೈಯಲ್ಲಿ ಕಾಸಿಲ್ಲ, ಹೊಟೇಲಿನ ಮುಂಗಡೆಯಲ್ಲಿ ಒಂದು ಕೊನೆಗೆ ಮದ್ಯದ ಅಂಗಡಿ, ಇನ್ನೊಂದು ಕೊನೆಗೆ ಫೋನು. ಅಂಗಡಿಯಿಂದ ನಗುವಿನ ಸದ್ದು ಕೇಳಿಸುತ್ತಿತ್ತು. ಆಗ ಅವನಿಗೆ ಒಂದು ಸಂಗತಿಯು ಹೊಳೆಯಿತು: ನಾನು ಈ ರಾತ್ರಿ ಉಳಿಯಬೇಕಾದರೆ ನನ್ನಂಥ ಇನ್ನೊಬ್ಬ ಕುಡುಕನೊಡನೆ ಮಾತಾಡಬೇಕು, ಅವನನ್ನು ಉದ್ಧರಿಸುವದಕ್ಕಲ್ಲ, ನಾನೇ ಬದುಕುವದಕ್ಕೆ. ಅವನು ಫೋನಿನ ಕಡೆಗೆ ತಿರುಗಿ, ಅಲ್ಲಿದ್ದ ದೇವಾಲಯಗಳ ಪಟ್ಟಿಯಿಂದ ಒಬ್ಬ ಪಾದ್ರಿಯನ್ನು ಕರೆದನು. ಅವರು ಕೊಟ್ಟ ಹೆಸರುಗಳ ಮೂಲಕ ಕಡೆಗೆ ಒಬ್ಬ ಸ್ತ್ರೀಯು ದೊರೆತಳು. ಆಕೆಗೆ ರಾಬರ್ಟ್ ಸ್ಮಿತ್ ಎಂಬ ವೈದ್ಯನ ಗುರುತಿತ್ತು. ಕುಡಿತದಿಂದ ಆ ವೈದ್ಯನ ಉದ್ಯೋಗವೇ ಹಾಳಾಗುತ್ತಲಿತ್ತು.

ಮರುದಿನ ಇಬ್ಬರೂ ಭೇಟಿಯಾದರು. ಕಾಲು ತಾಸಿಗಿಂತ ಹೆಚ್ಚು ಕೂಡ್ರೆನೆಂದು ಬಂದ ವೈದ್ಯನು ರಾತ್ರಿ ಹನ್ನೊಂದು ಗಂಟೆಯ ವರೆಗೆ ಕೂತನು. ಎಲ್ಲರೂ ಅವನಿಗೆ ಬುದ್ಧಿ ಹೇಳಿದ್ದರು. ಈ ಮನುಷ್ಯನಾದರೋ ತನ್ನ ಸ್ವಂತ ಅವಮಾನಗಳನ್ನೇ ಹೇಳಿದನು. ವೈದ್ಯನು ಒಂದು ಸಾರಿ ತಿರಿಗಿ ಬಿದ್ದನು. ಆ ಮೇಲೆ ಜೂನ್ ೧೦ರಂದು ಕಡೆಯ ಗುಟುಕು ಕುಡಿದು, ೧೯೫೦ರಲ್ಲಿ ಸಾಯುವ ವರೆಗೆ ಮತ್ತೆ ಮುಟ್ಟಲಿಲ್ಲ. ಆ ದಿನವನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟದ ಆರಂಭವಾಗಿ ಎಣಿಸುತ್ತಾರೆ. ತಮ್ಮ ಹೆಸರನ್ನು ಲೋಕಕ್ಕೆ ಸಾರಿಕೊಳ್ಳದ ಕುಡಿತರೋಗಿಗಳ ಸಂಗವೆಂದು ಅದರ ಅರ್ಥ; ಜನರು ಸಂಕ್ಷೇಪವಾಗಿ ಎ.ಎ. ಅನ್ನುತ್ತಾರೆ. ಅದು ೧೯೫೭ರಲ್ಲಿ ಮುಂಬಯಿಗೆ ಬಂದು, ಅಲ್ಲಿಂದ ನಮ್ಮ ದೇಶದ ಬೇರೆ ಪಟ್ಟಣಗಳಿಗೂ ಹಬ್ಬಿತು.

ಇದರಿಂದ ನಿಜವಾದ ಪ್ರಯೋಜನ ಉಂಟೋ? ೨೦೨೦ರಲ್ಲಿ ಮೂವರು ವಿದ್ವಾಂಸರು, ಹತ್ತು ಸಾವಿರಕ್ಕಿಂತ ಹೆಚ್ಚು ಜನರು ಭಾಗಿಗಳಾದ ೨೭ ಪರೀಕ್ಷಾಪ್ರಬಂಧಗಳನ್ನು ಒಟ್ಟಾಗಿ ತೂಗಿ ನೋಡಿದರು. ಕ್ರಮವಾಗಿ ಎ.ಎ. ಕೂಟಕ್ಕೆ ಸೇರಿಸುವ ಚಿಕಿತ್ಸೆಯಿಂದ ಪೂರ್ಣವಾಗಿ ಕುಡಿಯದೆ ಉಳಿದವರು, ಬೇರೆ ಪ್ರಸಿದ್ಧ ಚಿಕಿತ್ಸೆಗಳಿಂದ ಉಳಿದವರಿಗಿಂತ ಹೆಚ್ಚೆಂದು ಕಂಡುಬಂತು. ಆದರೆ ಎಲ್ಲರೂ ಉಳಿದರೆಂದು ಅವರು ಹೇಳಲಿಲ್ಲ. ನಾವೂ ಹಾಗೆ ಹೇಳಬಾರದು.

೪. ನಮ್ಮ ನಾಡಿನ ಕೂಟಗಳೂ ಅವುಗಳನ್ನು ಹುಡುಕುವ ದಾರಿಯೂ

ಹಳ್ಳಿಯವರಿಗೆ ಹತ್ತಿರವಾದದ್ದು ನವಜೀವನ ಸಮಿತಿ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ೧೯೮೨ರಲ್ಲಿ ಆರಂಭಿಸಿದ ಗ್ರಾಮಾಭಿವೃದ್ಧಿ ಯೋಜನೆಯೂ ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆಯೂ ಕೂಡಿ, ರಾಜ್ಯದ ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡಿಸುತ್ತವೆ. ಇಂಥ ಶಿಬಿರಗಳು ಈ ವರೆಗೆ ಸಾವಿರಕ್ಕೂ ಮಿಕ್ಕಿ ನಡೆದಿವೆ. ಒಂದು ಛತ್ರದಲ್ಲಿಯೋ ಸಮುದಾಯ ಭವನದಲ್ಲಿಯೋ ಎಂಟು ದಿವಸ ಅಲ್ಲಿಯೇ ಉಂಡು ಮಲಗಿ, ವೈದ್ಯರ ನೋಟದಲ್ಲಿದ್ದು, ಸಲಹೆಗಾರರ ಮಾತನ್ನೂ ಬಿಟ್ಟವರ ಅನುಭವವನ್ನೂ ಕೇಳುವದು ಅಲ್ಲಿಯ ಕ್ರಮ. ಮನೆಯವರನ್ನೂ ಕರೆದು ಮಾತಾಡಿಸುತ್ತಾರೆ. ಶಿಬಿರವು ಮುಗಿದ ಮೇಲೆ ಬಿಟ್ಟವರು ತಮ್ಮ ಊರಿನ ಸುತ್ತಲಿನವರೊಂದಿಗೆ ಸೇರಿ ಕಟ್ಟಿಕೊಳ್ಳುವ ಕೂಟವೇ ನವಜೀವನ ಸಮಿತಿ. ನೂರು ದಿವಸ ಕುಡಿಯದೆ ಕಳೆದವರಿಗಾಗಿ ಶತದಿನೋತ್ಸವವನ್ನೂ ಮಾಡುತ್ತಾರೆ. ಜ್ಞಾಪಕವಿರಲಿ: ಎಂಟು ದಿವಸದ ಶಿಬಿರವು ಬಿತ್ತನೆ ಮಾತ್ರ, ಕಳೆ ತೆಗೆಯುವದೂ ನೀರು ಕಟ್ಟುವದೂ ಸಮಿತಿಯಲ್ಲಿಯೇ. ಶಿಬಿರಕ್ಕೆ ಹೋಗಿ ಸಮಿತಿಗೆ ಹೋಗದವನು ಬಿತ್ತಿದ ಹೊಲವನ್ನು ದನಗಳಿಗೆ ಬಿಟ್ಟವನ ಹಾಗಿದ್ದಾನೆ.

ಹುಡುಕುವ ದಾರಿಗಳು ಇವು:

ಮೊದಲನೆಯದು, ನಿಮ್ಮ ಊರಿನಲ್ಲಿ ಈ ಯೋಜನೆಯ ಸ್ವಸಹಾಯ ಸಂಘವಿದ್ದರೆ ಅದರ ಸೇವಾಪ್ರತಿನಿಧಿಯನ್ನು ಕೇಳಿರಿ. ಮುಂದಿನ ಶಿಬಿರವು ಅರಸೀಕೆರೆ, ಬೇಲೂರು ತಾಲ್ಲೂಕುಗಳಲ್ಲಿ ಎಲ್ಲಿ ಯಾವಾಗ ಆಗುವದು, ಹತ್ತಿರದ ಸಮಿತಿಯು ಎಲ್ಲಿ ಸೇರುವದು, ಎಂಬದನ್ನು ತಾಲ್ಲೂಕು ಕಚೇರಿಯಿಂದ ತಿಳಿದು ಹೇಳುವರು.

ಎರಡನೆಯದು, ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಕೇಳಿರಿ. ಬಿಡುಗಡೆಯ ದಿನ ಔಷಧದ ಚೀಟಿಯೊಂದಿಗೆ, "ನಾನು ಸೇರುವದಕ್ಕೆ ಕೂಟ ಯಾವದು?" ಎಂದು ತಪ್ಪದೆ ವಿಚಾರಿಸಬೇಕು.

ಮೂರನೆಯದು, ಫೋನು. ವ್ಯಸನಕ್ಕಾಗಿ ಕೇಂದ್ರ ಸರಕಾರವು ೧೪೪೪೬ ಎಂಬ ಸಂಖ್ಯೆಯನ್ನಿಟ್ಟಿದೆ. ೨೦೨೨ರ ಅಕ್ಟೋಬರ್ ತಿಂಗಳಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸೇವೆಯ ಸಂಖ್ಯೆ ೧೪೪೧೬. ಇದರಲ್ಲಿ ಹಗಲೂ ರಾತ್ರಿಯೂ ಕನ್ನಡದಲ್ಲಿಯೇ ಮಾತಾಡಬಹುದು. ಎರಡಕ್ಕೂ ಹಣವಿಲ್ಲ.

ನಾಲ್ಕನೆಯದು, ಎ.ಎ. ಕೂಟಗಳು ಬೆಂಗಳೂರು ಮೊದಲಾದ ಪಟ್ಟಣಗಳಲ್ಲಿವೆ. ೨೦೨೦ರ ಮಹಾರೋಗದ ಕಾಲದಿಂದ ಈ ಕೂಟದವರು ಮೊಬೈಲಿನ ಮೂಲಕವೂ ಕೂಡುವ ರೂಢಿಯು ಹೆಚ್ಚಿದೆ. ಬಸ್ಸು ತಪ್ಪಿದ ರಾತ್ರಿಯಲ್ಲಿ ತೋಟದ ಮನೆಯಿಂದಲೇ ಸೇರಬಹುದು. ಆದರೂ ಎದುರುಬದುರು ಕೂತು ಒಂದೇ ಪಾತ್ರೆಯ ಚಹಾ ಕುಡಿಯುವದಕ್ಕೆ ಫೋನು ಸಮನಲ್ಲ, ಎರಡೂ ಇರಲಿ.

ತಮ್ಮ ಊರಿನ ಕೂಟಕ್ಕೆ ಹೋಗುವದಕ್ಕೆ ನಾಚಿಕೆಯೆಂದು ಹೇಳುವವರುಂಟು. ಅಂಥವರು ಮೊದಲು ಪರವೂರಿಗೆ ಹೋಗಲಿ. ಜಾವಗಲ್ಲಿನವನು ಹಳೇಬೀಡಿಗಾದರೂ ಬಾಣಾವರಕ್ಕಾದರೂ ಹಾಸನಕ್ಕಾದರೂ ಬಸ್ಸು ಹತ್ತಿದರೆ ಯಾವ ಕೆಲಸಕ್ಕೆ ಹೋದನೆಂದು ಯಾರು ಕೇಳುವರು? ಆದರೆ ಒಂದು ಮಾತನ್ನು ಯೋಚಿಸಿರಿ. ಅವನು ಬೀದಿಯಲ್ಲಿ ಬಿದ್ದದ್ದನ್ನು ಊರೆಲ್ಲಾ ನೋಡಿತು. ಎದ್ದು ನಡೆಯುವದನ್ನು ನೋಡಿದರೆ ಏನು ನಷ್ಟ?

೫. ಮೊದಲನೆಯ ದಿವಸ ಅಲ್ಲಿ ಏನು ನಡೆಯುವದು

ನಮ್ಮ ರೈತನು ಬಾಗಲಿನ ವರೆಗೆ ಬಂದು ಎರಡು ಸಾರಿ ಹಿಂದಿರುಗಿದನೆಂದು ಭಾವಿಸಿರಿ. ಇದು ಬಹುಮಂದಿಗೆ ಆಗುವಂಥದೇ. ಒಳಗೆ ತನ್ನನ್ನು ನಿಲ್ಲಿಸಿ ವಿಚಾರಣೆ ಮಾಡುವರೆಂದು ಅವನ ಭಯ. ಆದರೆ ಒಳಗಿರುವದು ಹತ್ತು ಹನ್ನೆರಡು ಕುರ್ಚಿಗಳು ಮಾತ್ರ. ಅಲ್ಲಿ ಕೂತವರಲ್ಲಿ ಮೇಷ್ಟ್ರೂ ಉಂಟು, ಲಾರಿ ನಡಿಸುವವನೂ ಉಂಟು, ಕೂಲಿಯವನೂ ಉಂಟು. ಯಾರೂ ಯಾರಿಗಿಂತ ಮೇಲಲ್ಲ.

ಎ.ಎ. ಕೂಟದ ಕ್ರಮವನ್ನು ಹೇಳುವದಾದರೆ, ಆರಂಭದಲ್ಲಿ ಸ್ವಲ್ಪ ಮೌನವೋ ಪ್ರಾರ್ಥನೆಯೋ ಇರುವದು. ಅನಂತರ ಕೂಟದ ಉದ್ದೇಶವನ್ನು ಓದುವರು. ಆ ಮೇಲೆ ಒಬ್ಬೊಬ್ಬನು ಬರೇ ತನ್ನ ಹೆಸರನ್ನು ಹೇಳಿ, ತಾನು ಕುಡಿತರೋಗಿಯೆಂದು ಒಪ್ಪಿಕೊಂಡು, ಕುಡಿಯುವಾಗ ಹೇಗಿದ್ದನು, ಏನಾಯಿತು, ಈಗ ಹೇಗಿದ್ದಾನೆ, ಎಂಬದನ್ನು ಹೇಳುತ್ತಾನೆ. ಒಬ್ಬನು ಮಾತಾಡುವಾಗ ಬೇರೊಬ್ಬನು ಅಡ್ಡ ಬಾಯಿ ಹಾಕುವದಿಲ್ಲ, ಬುದ್ಧಿ ಹೇಳುವದಿಲ್ಲ. ಹೊಸಬನು ಮಾತಾಡಲೇಬೇಕೆಂದಿಲ್ಲ, "ಈ ಹೊತ್ತು ಕೇಳಿಕೊಂಡಿರುತ್ತೇನೆ" ಎಂದರೆ ಸಾಕು. ಸೇರುವದಕ್ಕೆ ಶುಲ್ಕವಿಲ್ಲ, ರುಜುವಿಲ್ಲ. ಕುಡಿತ ಬಿಡಬೇಕೆಂಬ ಇಷ್ಟವೊಂದೇ ಬೇಕು. ಬಾಡಿಗೆಗೂ ಚಹಾಕ್ಕೂ ಒಂದು ಡಬ್ಬಿ ತಿರುಗುವದು. ಕೈಲಾದವರು ಹಾಕುವರು, ಇಲ್ಲದವರು ಮುಂದಕ್ಕೆ ಕೊಡುವರು. ಕೂಟವು ಹೊರಗಿನವರಿಂದ ಹಣ ತೆಗೆದುಕೊಳ್ಳುವದಿಲ್ಲ. ಒಳಗೆ ಕೇಳಿದ ಮಾತು ಹೊರಗೆ ಹೋಗಬಾರದು; ಈ ಒಂದು ಕಟ್ಟಳೆಯು ಮುರಿದರೆ ಕೂಟವೇ ಮುರಿಯುವದು.

ನಮ್ಮ ರೈತನು ಗೋಡೆಯನ್ನು ನೋಡುತ್ತಾ ಕೂತಿದ್ದಾಗ ಒಬ್ಬನು, ಮಗನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿ ಮೂರನೆಯ ದಿವಸ ಮುರಿದ ತನ್ನ ಸಂಗತಿಯನ್ನು ಹೇಳುತ್ತಾನೆ. ತನ್ನ ಕಥೆಯು ಬೇರೊಬ್ಬನ ಬಾಯಿಂದ ಬರುವದನ್ನು ಕೇಳಿ ಇವನು ತಲೆಯೆತ್ತುತ್ತಾನೆ. ಲೋಕದಲ್ಲಿ ತಾನೊಬ್ಬನೇ ಇಂಥ ನೀಚನೆಂದು ಎಣಿಸಿದ್ದ ಹೊರೆಯು ಆಗ ಅರ್ಧ ಇಳಿಯುವದು. ಕೂಟದ ಬಲವೆಲ್ಲಾ ಇದರಲ್ಲಿದೆ.

ಮುಂದಿನ ದಿವಸಗಳಿಗಾಗಿ ನಾಲ್ಕು ಸೂಚನೆಗಳು: (೧) ಒಂದೇ ಸಾರಿ ಹೋಗಿ ತೀರ್ಮಾನಿಸಬೇಡಿರಿ, ಆರು ಸಾರಿಯಾದರೂ ಹೋಗಿರಿ. ಒಂದು ಕೂಟವು ಒಗ್ಗದಿದ್ದರೆ ಇನ್ನೊಂದನ್ನು ನೋಡಿರಿ. (೨) ಜೀವಮಾನವೆಲ್ಲಾ ಕುಡಿಯೆನೆಂದು ಹೇಳದೆ, ಈ ದಿವಸ ಕುಡಿಯೆನೆಂದು ಹೇಳಿರಿ. (೩) ಬಹುಕಾಲದಿಂದ ಬಿಟ್ಟಿರುವ ಒಬ್ಬನನ್ನು ಒಡನಾಡಿಯಾಗಿ ಗೊತ್ತುಮಾಡಿಕೊಂಡು, ಬಯಕೆ ಬಂದಾಗ, ಕುಡಿಯುವ ಮೊದಲೇ, ಅವನಿಗೆ ಫೋನು ಮಾಡಿರಿ. (೪) ಹಸಿವು, ಕೋಪ, ಒಂಟಿತನ, ದಣಿವು, ಈ ನಾಲ್ಕು ಕಳ್ಳರು ಬಯಕೆಗೆ ಬಾಗಲು ತೆರೆಯುತ್ತಾರೆ. ಹೊತ್ತಿಗೆ ಸರಿಯಾಗಿ ಉಣ್ಣುವದೂ ಚಿಕಿತ್ಸೆಯ ಒಂದು ಭಾಗವೇ.

ಎ.ಎ.ಯವರಿಗೆ ಹನ್ನೆರಡು ಮೆಟ್ಟಲುಗಳುಂಟು. ತನ್ನ ಸ್ವಂತ ಬಲದಿಂದ ಆಗದೆಂದು ಒಪ್ಪಿಕೊಳ್ಳುವದು, ತನಗಿಂತ ಮೇಲಾದ ಶಕ್ತಿಗೆ ತನ್ನನ್ನು ಒಪ್ಪಿಸುವದು, ತನ್ನ ತಪ್ಪುಗಳ ಲೆಕ್ಕವನ್ನು ಬರೆದು ಒಬ್ಬನ ಮುಂದೆ ಹೇಳುವದು, ಅನ್ಯಾಯ ಹೊಂದಿದವರಿಗೆ ಸಾಧ್ಯವಾದ ಮಟ್ಟಿಗೆ ಸರಿಮಾಡಿಕೊಡುವದು, ಕಡೆಗೆ ಇನ್ನೊಬ್ಬ ರೋಗಿಯ ಕೈಹಿಡಿಯುವದು, ಇದೇ ಅವುಗಳ ಸಾರ. ಹೆಂಡತಿಯ ಅಡವಿಟ್ಟ ಓಲೆಗಳನ್ನು ಬಿಡಿಸಿ ತರುವದು ಇಂಥ ಮೆಟ್ಟಲುಗಳಲ್ಲೊಂದು.

ಸ್ತ್ರೀಯರಲ್ಲಿಯೂ ಕುಡಿತರೋಗಿಗಳಿದ್ದಾರೆ, ನಾಚಿಕೆಯ ದೆಸೆಯಿಂದ ಅವರು ಇನ್ನೂ ಒಳಗೆ ಅಡಗುತ್ತಾರೆ. ಎ.ಎ.ಯ ಬಾಗಲು ಅವರಿಗೂ ತೆರೆದಿದೆ. ಗಂಡಸರ ನಡುವೆ ಕೂಡ್ರಲಾರದವರಿಗೆ ಫೋನಿನ ಸೇವೆಯೂ ಆಸ್ಪತ್ರೆಯೂ ಮೊದಲನೆಯ ಬಾಗಲಾಗಲಿ.

೬. ಬೇರೆ ಮತದವರ ಸಂಗಡ ಕೂಡ್ರಬಹುದೋ?

ಈ ಪ್ರಶ್ನೆಯು ನಮ್ಮ ಸಭೆಗಳಲ್ಲಿ ಬರುವದರಿಂದ ಅದನ್ನು ದಾಟಿಹೋಗಲಾಗದು. ಧರ್ಮಸ್ಥಳದವರ ಶಿಬಿರವು ಎಲ್ಲ ಮತದವರಿಗೂ ತೆರೆದದ್ದು. ಅಲ್ಲಿ ಭಜನೆಯು ನಡೆಯುವದು. ಎ.ಎ.ಯವರೋ, ದೇವರನ್ನು ಯಾರು ಹೇಗೆ ತಿಳಿದಿರುವರೋ ಹಾಗೆಯೇ ಕರೆಯಲಿ ಎನ್ನುತ್ತಾರೆ. ಮನಸ್ಸಾಕ್ಷಿಗೆ ಒಗ್ಗದ ಪ್ರಾರ್ಥನೆಯ ಹೊತ್ತಿನಲ್ಲಿ ಒಬ್ಬನು ಮರ್ಯಾದೆಯಿಂದ ಸುಮ್ಮನೆ ಕೂತು ತನ್ನ ಪ್ರಾರ್ಥನೆಯನ್ನು ಮನಸ್ಸಿನಲ್ಲಿ ಮಾಡಿಕೊಳ್ಳಬಹುದು. ದಾರಿಯಲ್ಲಿ ಗಾಯಪಟ್ಟು ಬಿದ್ದವನನ್ನು ಎತ್ತಿ ತನ್ನ ಪಶುವಿನ ಮೇಲೆ ಕೂಡ್ರಿಸಿದವನು ಪರಜನಾಂಗದವನೇ ಆಗಿದ್ದನೆಂಬ ಸಾಮ್ಯವನ್ನು ನಮ್ಮ ಚಿಕ್ಕ ಮಕ್ಕಳೂ ಬಲ್ಲರು. ಗಾಯಪಟ್ಟವನು ಆಗ ಅವನ ಮತವನ್ನು ವಿಚಾರಿಸಲಿಲ್ಲ. ತಮ್ಮವನು ಪರರ ಛತ್ರದಲ್ಲಿ ಗುಣಹೊಂದುವದಕ್ಕಿಂತ ತಮ್ಮ ಬೀದಿಯಲ್ಲಿ ಸಾಯುವದೇ ಲೇಸೆಂದು ಯಾವ ಸಭೆಯೂ ಹೇಳದಿರಲಿ.

೭. ಮನೆಯವರ ಕೆಲಸ

ಮೇಲೆ ಹೇಳಿದ ವಿಲ್ಸನನ ಹೆಂಡತಿಯೂ ಅವಳ ಸಂಗಡಿಗಳೂ ೧೯೫೧ರಲ್ಲಿ ಕುಡಿಯುವವರ ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೆ ಕೂಟವನ್ನು ಕಟ್ಟಿದರು. ಯಾಕಂದರೆ ರೋಗವು ಒಬ್ಬನದಾದರೂ ನೋವು ಮನೆಗೆಲ್ಲಾ ಉಂಟು. ಆ ತಾಯಿಯು ಮೊದಲು ಕಲಿಯಬೇಕಾದದ್ದೇನಂದರೆ: ಗಂಡನ ಕುಡಿತಕ್ಕೆ ಅವಳು ಕಾರಣಳಲ್ಲ, ಅದನ್ನು ಅವಳು ತಡೆಯಲಾರಳು, ಗುಣಪಡಿಸಲಾರಳು. ಅತ್ತೆಯೂ ನೆರೆಯವರೂ "ನೀನು ಸರಿಯಾಗಿದ್ದರೆ ಅವನು ಯಾಕೆ ಕುಡಿಯುತ್ತಿದ್ದನು?" ಎಂದು ಹೇಳುವ ಮಾತು ಸುಳ್ಳೂ ಹೌದು, ಕ್ರೂರವೂ ಹೌದು.

ಅವಳು ಮಾಡಬಹುದಾದದ್ದೂ ಉಂಟು. ಕುಡಿದಿರುವಾಗ ವಾದಿಸಬಾರದು, ಮರುದಿನ ಅಮಲಿಲ್ಲದ ಹೊತ್ತಿನಲ್ಲಿ ಮೆಲ್ಲಗೆ ನಿನ್ನೆಯ ಸಂಗತಿಯನ್ನು ಹೇಳಬೇಕು. ಅವನ ಕುಡಿತದ ಸಾಲವನ್ನು ಗುಟ್ಟಾಗಿ ತೀರಿಸುವದೂ, ಅವನಿಗೆ ಜ್ವರವೆಂದು ಕೂಲಿ ಕೊಡುವವನಿಗೆ ಸುಳ್ಳು ಹೇಳಿ ಕಳುಹಿಸುವದೂ ಬೇಡ. ಅದು ರೋಗಕ್ಕೆ ಆಹಾರವಾಗುವದು. ಹೊಡೆತವನ್ನಾದರೋ ಸಹಿಸಲೇಬೇಕೆಂದು ಯಾರೂ ಅವಳಿಗೆ ಹೇಳಬಾರದು. ಆ ರಾತ್ರಿ ಮಕ್ಕಳನ್ನು ಕರೆದುಕೊಂಡು ಹೋಗಲು ಒಂದು ಮನೆಯನ್ನು ಮುಂಚಿತವಾಗಿ ಗೊತ್ತುಮಾಡಿಕೊಂಡಿರಲಿ. ಬೇಕಾದರೆ ೧೧೨ಕ್ಕೆ ಫೋನು ಮಾಡಿ ಪೊಲೀಸರನ್ನು ಕರೆಯಲಿ. ಮಗನಿಗೂ ಒಂದು ಮಾತನ್ನು ಹೇಳಲಿ: "ಮಗಾ, ಇದು ಅಪ್ಪನ ರೋಗ, ನಿನ್ನ ತಪ್ಪಲ್ಲ."

೮. ತಿರಿಗಿ ಬಿದ್ದರೆ

ನಮ್ಮ ರೈತನು ಎಪ್ಪತ್ತು ದಿವಸ ಕುಡಿಯದೆ ಇದ್ದನು. ಎಪ್ಪತ್ತೊಂದನೆಯ ದಿವಸ ಬಂಧುಗಳ ಮದುವೆಯಲ್ಲಿ ಒಬ್ಬನು, "ಒಂದು ಗ್ಲಾಸಿನಿಂದ ಏನಾಗುತ್ತೆ ಭಾವ?" ಎಂದನು. ಒಂದು ಗ್ಲಾಸಿನಿಂದ ಏನಾಯಿತೆಂಬದನ್ನು ಬರೆಯಬೇಕಾಗಿಲ್ಲ. ಈಗ ಏನು ಮಾಡತಕ್ಕದ್ದು? ಎಪ್ಪತ್ತು ದಿವಸಗಳು ವ್ಯರ್ಥವಾಗಲಿಲ್ಲ. ಅಷ್ಟು ಕಾಲ ಬದುಕಬಹುದೆಂಬದಕ್ಕೆ ಅವು ಸಾಕ್ಷಿ. ಅವನು ಮರುದಿನವೇ ಕೂಟಕ್ಕೆ ಹೋಗಿ ನಡೆದದ್ದನ್ನು ಹೇಳಲಿ. ಅಲ್ಲಿ ಅವನನ್ನು ಹೊರಗೆ ಹಾಕುವದಿಲ್ಲ. ಅಲ್ಲಿ ಕೂತವರಲ್ಲಿ ಅನೇಕರು ಹೀಗೆಯೇ ಬಿದ್ದು ಎದ್ದವರು. ಹಲವು ದಿವಸ ಒಂದೇ ಸಮನೆ ಕುಡಿದಿದ್ದರೆ ತಿರಿಗಿ ವೈದ್ಯರನ್ನು ಕಾಣಬೇಕು. ಒಂದು ಸಾರಿ ಬಿದ್ದದ್ದಕ್ಕಾಗಿ ನಾಚಿ ಕೂಟವನ್ನು ಬಿಡುವದೇ ಹೆಚ್ಚಿನ ಅಪಾಯ.

೯. ಕೂಟವಿಲ್ಲದ ಊರಿನಲ್ಲಿ

ನಮ್ಮ ಊರಿನಲ್ಲಿ ಕೂಟವಿಲ್ಲವೆಂದು ಕೈಕಟ್ಟಿ ಕೂಡ್ರಬೇಕಾಗಿಲ್ಲ. ಆಕ್ರನ್ ಊರಿನಲ್ಲಿ ಆರಂಭಿಸಿದವರು ಎಷ್ಟು ಮಂದಿ? ಇಬ್ಬರೇ. ಒಂದು ಕೋಣೆ, ವಾರದಲ್ಲಿ ಗೊತ್ತಾದ ಒಂದು ದಿನ, ತಪ್ಪದ ಒಂದು ಗಂಟೆ, ಒಂದು ಪಾತ್ರೆ ಚಹಾ, ಇಷ್ಟೇ ಬೇಕು. ಇಬ್ಬರಲ್ಲಿ ಒಬ್ಬನಾದರೂ ಮೊದಲೇ ಬಿಟ್ಟು ಕೂಟದ ಕ್ರಮವನ್ನು ಬಲ್ಲವನಾಗಿದ್ದರೆ ಒಳ್ಳೇದು. ದೂರದ ಕೂಟದವರು ಕರೆದರೆ ಬರುವರು, ಯಾಕಂದರೆ ಬರುವದರಿಂದ ಅವರೇ ಬಲಗೊಳ್ಳುತ್ತಾರೆ.

ಸಭೆಯವರು ಕೊಡಬಹುದಾದದ್ದು ಮುಖ್ಯವಾಗಿ ಮೂರು. ಕೋಣೆಯನ್ನು ಕೊಡಿರಿ, ಆದರೆ ಕೂಟದ ಯಜಮಾನರಾಗಬೇಡಿರಿ. ಮದುವೆ ಜಾತ್ರೆಗಳಲ್ಲಿ ಬಿಟ್ಟವನ ಕೈಗೆ ಗ್ಲಾಸು ಕೊಡುವವನನ್ನು ತಡೆಯಿರಿ. ಅವನು ಬಿಟ್ಟ ಸಂಗತಿಯನ್ನು ಅವನ ಒಪ್ಪಿಗೆಯಿಲ್ಲದೆ ವೇದಿಕೆಯ ಮೇಲೆ ಹೊಗಳಿ ಮೆರೆಸಬೇಡಿರಿ. ಹೊಗಳಿಕೆಯೂ ಒಂದು ಅಮಲೇ.

ಆ ರೈತನನ್ನು ಕಡೆಯದಾಗಿ ನೋಡೋಣ. ತಿರಿಗಿ ಎದ್ದ ಮೇಲೆ ಒಂದು ಸಾಯಂಕಾಲ ಅವನು ಜಾವಗಲ್ಲಿನ ಬಸ್ಸು ನಿಲ್ಲುವ ಕಡೆ ನಿಂತಿದ್ದಾನೆ. ಹರಕು ಅಂಗಿಯ ಒಬ್ಬನು ನಡುಗುವ ಕೈಯಿಂದ ಬೀಡಿ ಹೊತ್ತಿಸಲಾರದೆ ಇರುವದನ್ನು ಕಂಡು, ಹತ್ತಿರ ಹೋಗಿ ಕಡ್ಡಿ ಗೀರಿ ಹಿಡಿಯುತ್ತಾನೆ. "ನನ್ನ ಕೈಯೂ ಹೀಗೆಯೇ ನಡುಗುತ್ತಿತ್ತು, ಅಣ್ಣಾ" ಅನ್ನುತ್ತಾನೆ. ಅಷ್ಟು ಹೇಳಿದಲ್ಲಿಗೆ ಜಾವಗಲ್ಲಿನಲ್ಲಿಯೂ ಒಂದು ಕೂಟವು ಆರಂಭವಾಯಿತು.

ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

೧. ಕುಡಿಯುವವನು ಆಣೆಯನ್ನು ಮುರಿಯುವದು ಯಾಕೆ? ಅವನಿಗೆ ಇಲ್ಲದಿರುವದು ಇಷ್ಟವೋ ಶಕ್ತಿಯೋ?

೨. ಒಮ್ಮೆಗೇ ಕುಡಿತ ನಿಲ್ಲಿಸುವದರಿಂದ ಬರುವ ಮೂರು ಅಪಾಯಗಳನ್ನು ಹೇಳಿರಿ. ಊಟದಲ್ಲಿ ಗುಟ್ಟಾಗಿ ಪುಡಿ ಬೆರೆಸಬಾರದು ಯಾಕೆ?

೩. ಬಾಲ್ಟಿಮೋರಿನ ಸಂಘವು ಕ್ಷೀಣಿಸಿದ್ದಕ್ಕೂ ಎ.ಎ. ಕೂಟವು ಉಳಿದದ್ದಕ್ಕೂ ಏನು ಕಾರಣವೆಂದು ನಿಮಗೆ ತೋರುತ್ತದೆ?

೪. ನ್ಯೂಯಾರ್ಕಿನವನು ಫೋನು ಮಾಡಿದಂಥ ರಾತ್ರಿಯಲ್ಲಿ ನಿಮ್ಮ ಸಭೆಗೆ ಒಬ್ಬನು ಫೋನು ಮಾಡಿದರೆ, ಅವನನ್ನು ಯಾರ ಬಳಿಗೆ ಕಳುಹಿಸುವಿರಿ? ಆ ಹೆಸರೂ ಸಂಖ್ಯೆಯೂ ಈಗಲೇ ನಿಮ್ಮ ಹತ್ತಿರ ಇವೆಯೋ?

೫. ನಿಮ್ಮ ಊರಿನಲ್ಲಿ ವಾರಕ್ಕೊಂದು ಗಂಟೆ ಖಾಲಿಯಾಗಿರುವ ಕೋಣೆ ಯಾವದು?